ಮೊನ್ನೆ ಮೊನ್ನೆ ಬಂದು ಹೋಗೀನಲ್ಲವ್ವಾ!

ಇಂಗ್ಲಿಷಿನ 'ಯಸ್ಟರ್ಡೆ' ಎಂಬ ಒಂದೇ ಒಂದು ಪದದಿಂದ ನಾನು ಒಮ್ಮೆ ನೂರಾರು ಜನರಿಗೆ ಒಂದೇ ಬಿಲ್ಲನ್ನು ಎರಡೆರಡು ಸಲ ಕಳಿಸಿದ್ದೇನೆ. ನಗಬೇಡಿ, ಅವತ್ತು ನನಗೇನೂ ನಗು ಬಂದಿರಲಿಲ್ಲ.

ನಾನು ಬಾದಾಮಿ ತಾಲ್ಲೂಕಿನ ಕೆರೂರಿನವನು. ವಿಜಯಪುರದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋದವರಿಗೆ ನಮ್ಮೂರು ಗೊತ್ತಿರುತ್ತದೆ. ಬಸ್ಸು ನಿಂತಾಗ ಚಹಾ ಕುಡಿದು ಮುಂದೆ ಹೋಗಿರುತ್ತೀರಿ. ಕನ್ನಡ ಶಾಲೆಯಲ್ಲಿ ಐದನೇ ಇಯತ್ತೆಯಿಂದ ಎ ಬಿ ಸಿ ಡಿ ಕಲಿತು, ಬಾಗಲಕೋಟೆಯಲ್ಲಿ ಬಿ.ಇ. ಮುಗಿಸಿ, ಎಂಟು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ನನ್ನ ಇಂಗ್ಲಿಷ್ ಕೆಲಸಕ್ಕೆ ಸಾಕಾಗುವಷ್ಟಿದೆ. ಕನಿಷ್ಠ ಹಾಗಂತ ನಾನು ತಿಳಿದಿದ್ದೆ.

ಆ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿಗೆ ಬಂದು ಅಮೆರಿಕದ ಟೆಕ್ಸಾಸಿನಲ್ಲಿರುವ ಗ್ರಾಹಕರಿಗೆ ಒಂದು ಮೆಸೇಜು ಹಾಕಿದೆ. 'ಬಿಲ್ ಕಳಿಸುವ ಪ್ರೋಗ್ರಾಂ ಯಸ್ಟರ್ಡೆ ನೈಟ್ ಫೇಲ್ ಆಗಿದೆ, ಈಗ ಸರಿ ಮಾಡಿದ್ದೇನೆ, ಆ ದಿನದ್ದನ್ನು ಮತ್ತೆ ಓಡಿಸಿ' ಅಂತ. ನನ್ನ ಲೆಕ್ಕದಲ್ಲಿ ಯಸ್ಟರ್ಡೆ ಅಂದರೆ ಸೋಮವಾರ. ಆದರೆ ನಮ್ಮ ಬೆಳಗಿನ ಒಂಬತ್ತು ಅಂದರೆ ಬೇಸಿಗೆಯಲ್ಲಿ ಅವರಿಗೆ ಹಿಂದಿನ ದಿನದ ರಾತ್ರಿ ಹತ್ತೂವರೆ. ಅವರು ಇನ್ನೂ ಸೋಮವಾರದಲ್ಲೇ ಕೂತಿದ್ದರು. ಅವರ ಯಸ್ಟರ್ಡೆ ಭಾನುವಾರ. ಪಾಪ, ನಾನು ಹೇಳಿದ ಹಾಗೇ ಭಾನುವಾರದ್ದನ್ನು ಮತ್ತೆ ಓಡಿಸಿದರು. ಭಾನುವಾರದ ಬಿಲ್ಲುಗಳು ಸರಿಯಾಗಿ ಹೋಗಿದ್ದವು, ಮತ್ತೊಮ್ಮೆ ಹೋದವು. ಸೋಮವಾರದವು ಹೋಗಲೇ ಇಲ್ಲ.

ನಮ್ಮ ಮ್ಯಾನೇಜರ್ ಮೇಡಂ ಬೈಯಲಿಲ್ಲ. ಮೆಸೇಜನ್ನು ಪರದೆಯ ಮೇಲೆ ಹಾಕಿ ಒಂದೇ ಪ್ರಶ್ನೆ ಕೇಳಿದರು: "ಯಾರ ನಿನ್ನೆ ಇದು?"

ಅವತ್ತಿನಿಂದ ನಾನು ತಾರೀಖು, ಗಂಟೆ, ಯಾವ ದೇಶದ ಗಂಟೆ ಎಂಬುದನ್ನು ಬರೆಯದೆ ಮೆಸೇಜು ಕಳಿಸುವುದಿಲ್ಲ. ನಮ್ಮ ಕಂಪ್ಯೂಟರುಗಳು ಈ ವಿಷಯದಲ್ಲಿ ಮನುಷ್ಯರಿಗಿಂತ ಜಾಣ. ಅವು ನಿನ್ನೆ, ಮೊನ್ನೆ ಅನ್ನುವುದೇ ಇಲ್ಲ. ಏನಾದರೂ ಆದ ತಕ್ಷಣ ಯುಟಿಸಿ ಎಂಬ ಜಾಗತಿಕ ಗಡಿಯಾರದ ಸಮಯವನ್ನು ಬರೆದಿಟ್ಟುಬಿಡುತ್ತವೆ. ನಮ್ಮ ಭಾರತದ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಕೂಡಿಸಿಕೊಂಡರೆ ಆಯಿತು.

ಆದರೆ ಮನುಷ್ಯರು ಹಾಗೆ ಮಾತಾಡಲಾಗುವುದಿಲ್ಲವಲ್ಲ. ಹಾಗಾಗಿ ಈಗಷ್ಟೇ ಆದದ್ದು, ನಿನ್ನೆ ಆದದ್ದು, ಮೊನ್ನೆ ಆದದ್ದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದೆ. ಬರೆಯುತ್ತಾ ಹೋದಂತೆ ಒಂದು ಸಂಗತಿ ಹೊಳೆಯಿತು. ನನ್ನ ತಪ್ಪುಗಳೆಲ್ಲ ದಡ್ಡತನದ ತಪ್ಪುಗಳಲ್ಲ. ಕನ್ನಡದಲ್ಲಿ ಸರಿಯಾಗಿರುವುದನ್ನೇ ನಾನು ಇಂಗ್ಲಿಷಿಗೆ ಹೊತ್ತುಕೊಂಡು ಹೋಗುತ್ತಿದ್ದೆ.

ನೋಡಿ, ಕನ್ನಡದಲ್ಲಿ 'ನಿನ್ನೆ ಅವನು ಫೋನ್ ಮಾಡಿದ್ದಾನೆ' ಅನ್ನಬಹುದು. ಏನೂ ತಪ್ಪಿಲ್ಲ. ಅದನ್ನೇ 'ಹಿ ಹ್ಯಾಸ್ ಕಾಲ್ಡ್ ಮಿ ಯಸ್ಟರ್ಡೆ' ಅಂದರೆ ಇಂಗ್ಲಿಷಿನವರ ಕಿವಿಗೆ ಕಲ್ಲು ಸಿಕ್ಕಂತೆ ಆಗುತ್ತದೆ. 'ಹ್ಯಾಸ್', 'ಹ್ಯಾವ್' ಇರುವ ಆ ರೂಪ ಬಾಗಿಲು ತೆರೆದಿರುವ ಕಾಲಕ್ಕೆ ಸೇರಿದ್ದು. ನಿನ್ನೆಯ ಬಾಗಿಲು ಮುಚ್ಚಿಹೋಗಿದೆ, ಅದಕ್ಕೆ 'ಹಿ ಕಾಲ್ಡ್ ಮಿ ಯಸ್ಟರ್ಡೆ' ಸಾಕು. 'ದಿಸ್ ವೀಕ್' ಇನ್ನೂ ನಡೆಯುತ್ತಿದೆ, ಅದಕ್ಕೆ 'ಹಿ ಹ್ಯಾಸ್ ಕಾಲ್ಡ್ ಮಿ ಟ್ವೈಸ್ ದಿಸ್ ವೀಕ್' ನಡೆಯುತ್ತದೆ. ಈ ಬಾಗಿಲಿನ ಲೆಕ್ಕ ತಲೆಗೆ ಹತ್ತಿದ ಮೇಲೆ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಟೆನ್ಸ್ ಕೋಷ್ಟಕ ಹದಿನೈದು ವರ್ಷ ತಡವಾಗಿ ಅರ್ಥವಾಯಿತು.

ಇನ್ನೊಂದು, ನಮ್ಮ 'ಇಂದ'. 'ಎರಡು ದಿನದಿಂದ ಜ್ವರ', 'ಸೋಮವಾರದಿಂದ ಜ್ವರ', ಎರಡಕ್ಕೂ ನಮಗೆ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಶುರುವಾದ ಗಳಿಗೆಗೆ 'ಸಿನ್ಸ್', ಕಳೆದ ಅವಧಿಗೆ 'ಫಾರ್'. 'ಸಿನ್ಸ್ ಮಂಡೇ' ಸರಿ, 'ಸಿನ್ಸ್ ಟೂ ಡೇಸ್' ತಪ್ಪು, 'ಫಾರ್ ಟೂ ಡೇಸ್' ಅನ್ನಬೇಕು. ಹಾಗೆಯೇ 'ಎರಡು ದಿನದ ಮೊದಲು' ಅನ್ನುವ ನಮ್ಮ ರೂಢಿಯನ್ನು 'ಬಿಫೋರ್ ಟೂ ಡೇಸ್' ಮಾಡುತ್ತೇವೆ. ಮಾತಾಡುತ್ತಿರುವ ಗಳಿಗೆಯಿಂದ ಹಿಂದಕ್ಕೆ ಎಣಿಸುವುದಾದರೆ 'ಟೂ ಡೇಸ್ ಅಗೋ'. ಬೇರೆ ಯಾವುದೋ ಘಟನೆಯಿಂದ ಹಿಂದಕ್ಕೆ ಎಣಿಸುವುದಾದರೆ 'ಟೂ ಡೇಸ್ ಬಿಫೋರ್ ದ ವೆಡ್ಡಿಂಗ್'.

ಕೆಲವಕ್ಕೆ ಕಾರಣ ಹುಡುಕುವುದೇ ದಂಡ. 'ಯಸ್ಟರ್ಡೆ ಮಾರ್ನಿಂಗ್' ಅನ್ನಬಹುದಂತೆ, 'ಯಸ್ಟರ್ಡೆ ಈವ್ನಿಂಗ್' ಅನ್ನಬಹುದಂತೆ, 'ಯಸ್ಟರ್ಡೆ ನೈಟ್' ಮಾತ್ರ ಬೇಡವಂತೆ, 'ಲಾಸ್ಟ್ ನೈಟ್' ಅನ್ನಬೇಕಂತೆ. 'ಟುಡೇ ಮಾರ್ನಿಂಗ್' ಬದಲು 'ದಿಸ್ ಮಾರ್ನಿಂಗ್'. ಹಾಗಂತ ಎಲ್ಲ ಇಂಗ್ಲಿಷಿನವರೂ ಒಂದೇ ಥರ ಮಾತಾಡುತ್ತಾರೆ ಅಂತಲ್ಲ. 'ಈಗಷ್ಟೇ ಊಟ ಮಾಡಿದೆ' ಅನ್ನಲು ಬ್ರಿಟನ್ನಿನವರು 'ಐ ಹ್ಯಾವ್ ಜಸ್ಟ್ ಈಟನ್' ಅಂದರೆ ಅಮೆರಿಕದವರು 'ಐ ಜಸ್ಟ್ ಏಟ್' ಅಂತ ಮುಗಿಸುತ್ತಾರೆ. ದಕ್ಷಿಣ ಆಫ್ರಿಕಾದಲ್ಲಂತೂ 'ಜಸ್ಟ್ ನೌ' ಅಂದರೆ 'ಇನ್ನು ಸ್ವಲ್ಪ ಹೊತ್ತಿಗೆ' ಅಂತ! 'ಜಸ್ಟ್ ನೌ ಮಾಡುತ್ತೇನೆ' ಅಂದವರು ಮಧ್ಯಾಹ್ನದ ಮೇಲೆ ಮಾಡಿದರೂ ಅಲ್ಲಿ ಮಾತು ತಪ್ಪಿದಂತಾಗುವುದಿಲ್ಲ.

ನಾವೂ ಕಡಿಮೆ ಏನಿಲ್ಲ ಬಿಡಿ. ಅಡಿಗೆ ಮನೆಯಿಂದ ಕರೆದರೆ ಕೂತಲ್ಲಿಂದ ಅಲ್ಲಾಡದೆ 'ಬಂದೆ ಬಂದೆ' ಅನ್ನುತ್ತೇವೆ. ಇನ್ನೂ ಎದ್ದೇ ಇಲ್ಲ, ಆಗಲೇ ಬಂದಾಗಿದೆ! ಹಿಂದಿಯಲ್ಲಿ ನಿನ್ನೆಗೂ ನಾಳೆಗೂ 'ಕಲ್' ಒಂದೇ. ನಮ್ಮಲ್ಲಿ ನಿನ್ನೆ ಬೇರೆ, ನಾಳೆ ಬೇರೆ, ಮೊನ್ನೆ ಬೇರೆ, ನಾಡಿದ್ದು ಬೇರೆ. ಇಂಗ್ಲಿಷಿನವರು 'ದ ಡೇ ಬಿಫೋರ್ ಯಸ್ಟರ್ಡೆ' ಅಂತ ನಾಲ್ಕು ಪದ ಹೆಣೆಯುವಲ್ಲಿ ನಮಗೆ 'ಮೊನ್ನೆ' ಸಾಕು. ಆದರೆ ಈ ಮೊನ್ನೆ ಬಹಳ ಮೆತ್ತಗಿನ ಪದ. ಒಂದು ಸಲ ಅಂದರೆ ನಿನ್ನೆಯ ಹಿಂದಿನ ದಿನ. 'ಮೊನ್ನೆ ಮೊನ್ನೆ' ಅಂತ ಎರಡು ಸಲ ಅಂದರೆ ಇಂಗ್ಲಿಷಿನ 'ರೀಸೆಂಟ್ಲಿ', 'ದಿ ಅದರ್ ಡೇ' ಇದ್ದ ಹಾಗೆ, ಎಷ್ಟು ಬೇಕಾದರೂ ಹಿಗ್ಗುತ್ತದೆ.

ಆ ಪದವನ್ನು ನಾನು ಎಷ್ಟು ಹಿಗ್ಗಿಸಿದ್ದೆ ಎಂಬುದು ಗೊತ್ತಾದದ್ದು ಹೋದ ಬನದ ಹುಣ್ಣಿಮೆಯ ಹೊತ್ತಿಗೆ.

ಬನಶಂಕರಿ ಜಾತ್ರೆ ಅಂದರೆ ನಮ್ಮ ಕಡೆ ಮನೆಮನೆಯ ಹಬ್ಬ. ತೇರು ಎಳೆದ ಮೇಲೂ ತಿಂಗಳುಗಟ್ಟಲೆ ನಾಟಕ ಕಂಪನಿಗಳು ಅಲ್ಲೇ ಠಿಕಾಣಿ ಹೂಡಿರುತ್ತವೆ. ಅಪ್ಪನಿಗೆ ನಾಟಕದ ಹುಚ್ಚು. ಒಂದು ವಾರ ಮೊದಲೇ ಫೋನ್ ಮಾಡಿ, "ತಮ್ಮಾ, ಜಾತ್ರಿಗಿ ಬರ್ತಿ ಹೌದಲ್ಲೋ?" ಅಂದಿದ್ದರು. ಆಫೀಸಿನಲ್ಲಿ ರಿಲೀಸ್ ಇತ್ತು. ಅವ್ವನ ಕೈಗೆ ಫೋನ್ ಬಂದಾಗ, "ಮೊನ್ನೆ ಮೊನ್ನೆ ಬಂದು ಹೋಗೀನಲ್ಲವ್ವಾ, ಯುಗಾದಿಗೆ ಬರ್ತೀನಿ ತಗೋ" ಅಂದೆ. ಅವ್ವ ಏನೂ ಅನ್ನಲಿಲ್ಲ.

ಆ ಭಾನುವಾರ ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. ಅಪ್ಪ ಏಳುತ್ತಿಲ್ಲ, ಬಾಯಿ ಒಂದು ಕಡೆ ಸೊಟ್ಟ ಆಗಿದೆ, ಬಲಗೈ ಎತ್ತಲು ಬರುತ್ತಿಲ್ಲ. ಓಣಿಯವರೇ ಕಾರು ಮಾಡಿ ಬಾಗಲಕೋಟೆಗೆ ಕರೆದುಕೊಂಡು ಹೊರಟರು. ಅದು ಪಾರ್ಶ್ವವಾಯು ಅಂತ ನನಗೆ ಫೋನಿನಲ್ಲೇ ಗೊತ್ತಾಯಿತು. ಕಾರು ಹುಡುಕುತ್ತಾ ಬೆಂಗಳೂರಿನ ರಸ್ತೆಯಲ್ಲಿ ನಿಂತಿದ್ದಾಗ ಎಂಟೂ ಮುಕ್ಕಾಲಿಗೆ ಆಸ್ಪತ್ರೆಯಿಂದ ಕರೆ. ಡ್ಯೂಟಿಯಲ್ಲಿದ್ದ ಡಾಕ್ಟರು ಬೇರೆ ರಾಜ್ಯದಿಂದ ಹೊಸದಾಗಿ ಬಂದ ಹುಡುಗ. ಅವರಿಗೆ ನಮ್ಮ ಅವ್ವನ ಕನ್ನಡ ತಿಳಿಯದು, ಅವ್ವನಿಗೆ ಅವರ ಇಂಗ್ಲಿಷ್ ತಿಳಿಯದು. ಫೋನನ್ನು ಸ್ಪೀಕರಿಗೆ ಹಾಕಿ ನನ್ನನ್ನು ನಡುವೆ ನಿಲ್ಲಿಸಿಕೊಂಡರು.

ಅವರ ಮೊದಲ ಪ್ರಶ್ನೆ: 'ಕೊನೆಯ ಸಲ ಅವರು ಸರಿಯಾಗಿ ಇದ್ದದ್ದನ್ನು ನೋಡಿದ್ದು ಎಷ್ಟು ಗಂಟೆಗೆ?'

"ಯವ್ವಾ, ಅಪ್ಪ ಚಲೋ ಇದ್ದದ್ದು ಕಡೀಕ ನೀ ನೋಡಿದ್ದು ಯಾವಾಗ?"

"ನಿನ್ನಿ ರಾತ್ರಿ ನಾಟಕಾ ನೋಡ್ಕೊಂಡು ಬಂದಾಗ ಚಲೋನ ಇದ್ರಲ್ಲೋ ಯಪ್ಪಾ. ಎರಡು ಹೊಡದಿತ್ತು. ಈಗ ಚಾಕ್ಕ ಎಬ್ಬಿಸಿದ್ರ ಹಿಂಗಾಗೇತಿ."

ನಾನು ಹಾಗೇ ಹೇಳಿದೆ: "ಯಸ್ಟರ್ಡೆ ನೈಟ್, ಟೂ ಓ ಕ್ಲಾಕ್."

ಆ ಕಡೆ ಒಂದು ಕ್ಷಣ ಮೌನ. ಯಸ್ಟರ್ಡೆ ನೈಟ್ ಅಂದರೆ ಶನಿವಾರ ನಸುಕಿನ ಎರಡೋ, ಈ ಭಾನುವಾರ ನಸುಕಿನ ಎರಡೋ ಅಂತ ಕೇಳಿದರು. ನಮಗೆ ಹೊತ್ತು ಮೂಡುವ ತನಕ ಅದು 'ನಿನ್ನೆ ರಾತ್ರಿ'ಯೇ. ಗಡಿಯಾರಕ್ಕೆ ಹನ್ನೆರಡು ಹೊಡೆದರೆ ಹೊಸ ದಿನ. ಈ ಭಾನುವಾರದ್ದೇ ಅಂತ ಬಿಡಿಸಿ ಹೇಳಿದೆ. ಆಗ ಅವರು ಸಮಾಧಾನದಿಂದ ವಿವರಿಸಿದರು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಕೊನೆಯದಾಗಿ ಸರಿಯಾಗಿ ಇದ್ದ ಗಳಿಗೆಯಿಂದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಿದ್ದೆಯಲ್ಲಿ ಆಗಿದ್ದರೆ ಮಲಗಿದ ಹೊತ್ತಿನಿಂದಲೇ ಎಣಿಕೆ. ತಡವಾಗಿ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚು. ಎರಡರಿಂದ ಎಣಿಸಿದರೆ ಆರೂ ಮುಕ್ಕಾಲು ಗಂಟೆ ಆಗಿಹೋಗಿದೆ.

ನನ್ನ ಕೈಕಾಲು ತಣ್ಣಗಾದವು. ಅವರು ಮಾತ್ರ ಫೋನ್ ಇಡಲಿಲ್ಲ. ಎರಡು ಗಂಟೆಯ ನಂತರ ಯಾರಾದರೂ ಅವರ ಹತ್ತಿರ ಮಾತಾಡಿದ್ದಾರೆಯೇ, ಎದ್ದು ಓಡಾಡಿದ್ದಾರೆಯೇ, ಮತ್ತೊಮ್ಮೆ ಕೇಳಿ ಅಂದರು.

"ಯವ್ವಾ, ನಡುವ ಎದ್ದಿದ್ರೇನು ಅಪ್ಪ?"

"ಆಗಳೆ ಎದ್ದಿದ್ರಲ್ಲೋ. ಹಾಲಿನಾಂವನ ಕೂಡ ಜಗಳಾ ತಗದಿದ್ರು. ಮತ್ತ ಹೋಗಿ ಮಲಕ್ಕೊಂಡ್ರು."

"ಆಗಳೆ ಅಂದ್ರ ಯಾವಾಗ?"

"ಆಗಳೆ ಅಂದ್ರ ಆಗಳೆ!"

ನಮ್ಮ ಕಡೆಯವರಿಗೆ ಈ 'ಆಗಳೆ' ಗೊತ್ತು. ಹತ್ತು ನಿಮಿಷದ ಹಿಂದೆಯೂ ಆಗಳೆ, ಬೆಳಗಿನಿಂದ ಸಂಜೆಯ ನಡುವೆ ಯಾವಾಗ ಆಗಿದ್ದರೂ ಆಗಳೆ. 'ಜಸ್ಟ್ ನೌ' ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಂದುಬಿಟ್ಟಿದ್ದರೆ ಅವರು ಬೇಕಾದಷ್ಟು ಸಮಯ ಇದೆ ಅಂದುಕೊಳ್ಳುತ್ತಿದ್ದರೇನೋ. ಟೆಕ್ಸಾಸಿನ ಬಿಲ್ಲುಗಳು ಕಣ್ಣ ಮುಂದೆ ಬಂದು ಬಾಯಿ ಮುಚ್ಚಿಸಿದವು.

ಗಂಟೆ ಕೇಳಿದರೆ ಅವ್ವನಿಗೆ ತಿಳಿಯದು ಅಂತ ಹೊಳೆಯಿತು. ಬೇರೆ ಥರ ಕೇಳಿದೆ.

"ಬಾಜೂ ಮನಿ ಮಗ್ಗ ಸುರು ಆಗಿತ್ತೇನು?"

"ಇಲ್ಲ, ಇನ್ನೂ ಆಗಿದ್ದಿಲ್ಲ."

"ನಳ ಬಂದಿತ್ತೇನು?"

"ಆಗಷ್ಟ ಬಂದಿತ್ತು. ಎರಡನೇ ಕೊಡಾ ತುಂಬಾಕ ಹಚ್ಚಿದ್ದೆ."

"ಅಪ್ಪ ಹೆಂಗ ಮಾತಾಡಿದ್ರು? ಬಾಯಿ ತೊದಲತಿತ್ತೇನು?"

"ಎಲ್ಲೀದು! ಹಾಲಿಗೆ ನೀರು ಹಾಕ್ತಿ ಅಂತ ಎರಡೂ ಕೈ ಬೀಸಿ ಬೀಸಿ ಓಣಿ ತುಂಬ ಕೇಳೂಹಂಗ ಬೈದಾರ!"

ನಮ್ಮ ಓಣಿಯ ನಳದ ಪಾಳಿ ಬೆಳಿಗ್ಗೆ ಆರಕ್ಕೆ. ಇನ್ನೊಂದು ಫೋನಿನಿಂದ ತಂಗಿ ಹಾಲಿನವನನ್ನು ಹಿಡಿದಳು. ಅವನು ಹೇಳಿದ್ದು: "ಆರೂ ಹತ್ತು ಆಗಿತ್ರೀ. ನಿಮ್ಮಪ್ಪಾರ ಕೂಡ ವಾದ ಮಾಡಿ ಮುಂದಿನ ಮನಿಗೆ ತಡಾ ಆತಂತ ಟೈಮ್ ನೋಡ್ಕೊಂಡೆ." ಡಾಕ್ಟರಿಗೆ ಹೇಳಿದೆ, ಈ ಸಲ ಯಸ್ಟರ್ಡೆ ಇಲ್ಲ, ಜಸ್ಟ್ ನೌ ಇಲ್ಲ: "ದಿಸ್ ಮಾರ್ನಿಂಗ್, ಸಿಕ್ಸ್ ಟೆನ್. ಎರಡೂ ಕೈ ಆಡಿಸಿ ಸ್ಪಷ್ಟವಾಗಿ ಮಾತಾಡಿದ್ದಾರೆ, ನೋಡಿದವರು ಇಬ್ಬರಿದ್ದಾರೆ."

ಆಮೇಲಿನದ್ದು ಅವರ ಕೆಲಸ. ಸಿಟಿ ಸ್ಕ್ಯಾನ್ ಮಾಡಿದರು, ಮೆದುಳಿನಲ್ಲಿ ರಕ್ತಸ್ರಾವ ಇರಲಿಲ್ಲ. ಅಪಾಯವನ್ನೂ ತಿಳಿಸಿ ಒಪ್ಪಿಗೆ ಕೇಳಿದರು, ಕೊಟ್ಟೆವು. ಒಂಬತ್ತೂ ನಲವತ್ತರ ಸುಮಾರಿಗೆ ಇಂಜೆಕ್ಷನ್ ಕೊಟ್ಟರು. ನಾಲ್ಕೂವರೆ ಗಂಟೆಯಲ್ಲಿ ಒಂದು ಗಂಟೆ ಉಳಿದಿತ್ತು.

ಬೆಂಗಳೂರಿನಿಂದ ಹೋಗುವ ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಅವ್ವನ ಗಡಿಯಾರದ ಬಗ್ಗೆ. ಮುಳ್ಳಿಲ್ಲದ ಗಡಿಯಾರ ಅದು. ನಳ, ಮಗ್ಗದ ಸದ್ದು, ಹಾಲು, ಹುಬ್ಬಳ್ಳಿ ಬಸ್ಸಿನ ಹಾರ್ನು. ಒಂದರ ಹಿಂದೆ ಒಂದು ಯಾವುದು ಆಯಿತು ಅನ್ನುವುದರಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಕೇಳುವವರಿಗೆ ಕೇಳಲು ಬರಬೇಕು, ಅಷ್ಟೆ.

ಶಾಲೆಯಲ್ಲಿದ್ದಾಗ ಐಹೊಳೆಗೆ ಪ್ರವಾಸ ಹೋಗಿದ್ದೆವು. ಮೇಗುಟಿ ಗುಡ್ಡದ ಬಸದಿಯ ಗೋಡೆಯಲ್ಲಿ ಇಮ್ಮಡಿ ಪುಲಿಕೇಶಿಯ ಕಾಲದ ಶಾಸನವಿದೆ, ರವಿಕೀರ್ತಿ ಬರೆದದ್ದು. ಅದರಲ್ಲಿ ಕಾಲವನ್ನು ಎರಡು ಥರ ಹೇಳಿದೆ. ಶಕ ವರ್ಷ 556 ಅಂತ ಒಂದು, ಭಾರತ ಯುದ್ಧವಾಗಿ 3735 ವರ್ಷ ಆಯಿತು ಅಂತ ಇನ್ನೊಂದು. ಶಕ 556 ಅಂದರೆ ಕ್ರಿ.ಶ. 634ರ ಸುಮಾರು. ಆಗ ಮೇಷ್ಟ್ರು ಹೇಳಿದ್ದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆನೇ ಹೊರತು, ಒಂದೇ ವಿಷಯಕ್ಕೆ ಎರಡು ಲೆಕ್ಕ ಯಾಕೆ ಅಂತ ಯೋಚಿಸಿರಲಿಲ್ಲ. ಒಂದು ಗೊತ್ತಿಲ್ಲದವರಿಗೆ ಇನ್ನೊಂದಾದರೂ ಗೊತ್ತಿರಲಿ ಅಂತ ಇರಬಹುದೇ? ಡಾಕ್ಟರಿಗೆ ಆರೂ ಹತ್ತು, ಅವ್ವನಿಗೆ ಎರಡನೇ ಕೊಡ. ಎರಡೂ ಒಂದೇ ಗಳಿಗೆ.

ಸಂಜೆ ಬಾಗಲಕೋಟೆ ಮುಟ್ಟಿದಾಗ ಅಪ್ಪ ಎಚ್ಚರವಾಗಿದ್ದರು. ಮಾತು ಇನ್ನೂ ತೊದಲುತ್ತಿತ್ತು.

"ಯಾವಾಗ ಬಂದಿ?"

"ಈಗ ಬಂದೆ ಅಪ್ಪಾ. ಈಗಿಂದೀಗ."

ಅವ್ವ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಚಹಾ ತಂದುಕೊಟ್ಟೆ. ಲೋಟ ಹಿಡಿದುಕೊಂಡೇ, ನನ್ನ ಮುಖ ನೋಡದೆ ಅಂದಳು: "ಮೊನ್ನಿ ಮೊನ್ನಿ ಬಂದು ಹೋಗೀನಿ ಅಂದಿದ್ದೆಲ್ಲಾ, ನಾಗರ ಪಂಚಮಿಗಿ ಬಂದಾಂವ ನೀನು. ನಿಮ್ಮಪ್ಪ ದೀಪಾವಳಿಗೂ ಹಾದಿ ಕಾದ್ರು."

ಸಿಟ್ಟಿನಿಂದ ಅಂದದ್ದಲ್ಲ. ಮಗ್ಗ, ನಳ ಅಂದಷ್ಟೇ ಸಹಜವಾಗಿ ಹೇಳಿದಳು. ಫೋನಿನಲ್ಲಿ ಹಳೆಯ ಬಸ್ ಟಿಕೆಟು ಹುಡುಕಿ ನೋಡಿದೆ. ಅವ್ವನ ಲೆಕ್ಕವೇ ಸರಿ. ಐದು ತಿಂಗಳು. ಐದು ತಿಂಗಳನ್ನು ನಾನು 'ಮೊನ್ನೆ ಮೊನ್ನೆ'ಯ ಒಳಗೆ ಮಡಚಿ ಇಟ್ಟಿದ್ದೆ. ಇದಕ್ಕೆ ನನ್ನ ಇಂಗ್ಲಿಷನ್ನೂ ದೂರುವಂತಿಲ್ಲ. ಅಚ್ಚ ಕನ್ನಡದಲ್ಲೇ ಹೇಳಿದ ಸುಳ್ಳು ಅದು.

ಅಪ್ಪ ಈಗ ಬಹಳಷ್ಟು ಸುಧಾರಿಸಿದ್ದಾರೆ. ಮಾತು ಸ್ಪಷ್ಟವಾಗಿದೆ, ನಡೆಯುತ್ತಾರೆ. ಬಲಗೈಯ ಹಿಡಿತ ಪೂರ್ತಿ ಬಂದಿಲ್ಲ, ಚಹಾದ ಕಪ್ಪನ್ನು ಎಡಗೈಯಲ್ಲಿ ಹಿಡಿಯುತ್ತಾರೆ. ಹಾಲಿನವನ ಜೊತೆ ಜಗಳ ನಿಂತಿದೆ. "ಅಂವ ಅವತ್ತು ನೀರು ಹಾಕಿದ್ದಕ್ಕ ನಾ ಉಳಕೊಂಡೆ" ಅಂತ ಬಂದವರಿಗೆಲ್ಲ ಹೇಳಿ ನಗುತ್ತಾರೆ.

ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ ಯಾರಿಗಾದರೂ ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ತಡಮಾಡದೆ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ಹೊರಡುವಾಗಲೇ ಅವರು ಕೊನೆಯ ಸಲ ಸರಿಯಾಗಿ ಇದ್ದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಗಂಟೆ ಗೊತ್ತಿಲ್ಲದಿದ್ದರೆ ಆಗ ಏನು ನಡೆಯುತ್ತಿತ್ತು ಅಂತಾದರೂ ಬರೆದುಕೊಳ್ಳಿ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ.

ನನ್ನ ನೋಟ್‌ಬುಕ್ಕು ಇನ್ನೂ ಇದೆ. ಈಗ ಅದರ ಹಿಂದಿನ ಪುಟದಲ್ಲಿ ಊರಿಗೆ ಹೋಗಿ ಬಂದ ತಾರೀಖುಗಳನ್ನೂ ಬರೆದಿಡುತ್ತೇನೆ. ಆಫೀಸಿನಲ್ಲಿ ಈಗಲೂ ಅಪರೂಪಕ್ಕೆ 'ಯಸ್ಟರ್ಡೆ ನೈಟ್' ಬಾಯಿಂದ ಜಾರುತ್ತದೆ, ಪಕ್ಕದವರು ನಗುತ್ತಾರೆ, ತಿದ್ದಿಕೊಳ್ಳುತ್ತೇನೆ.

ಮನೆಗೆ ಫೋನ್ ಮಾಡಿದಾಗ ಅಪ್ಪನದ್ದು ಅದೇ ಪ್ರಶ್ನೆ. "ತಮ್ಮಾ, ಯಾವಾಗ ಬರ್ತಿ?"

"ಬಂದೆ ಅಪ್ಪಾ" ಅನ್ನುತ್ತೇನೆ, ಅಭ್ಯಾಸ ಬಲ. ಆಮೇಲೆ ನೆನಪಾಗಿ ಸೇರಿಸುತ್ತೇನೆ: "ಶುಕ್ರವಾರ ರಾತ್ರಿ ಬಸ್ ಹತ್ತತೀನಿ. ಶನಿವಾರ ನಳ ಬರೂದ್ರಾಗ ಮನ್ಯಾಗ ಇರ್ತೀನಿ. ಮೊದಲನೇ ಕೊಡ ನಾನ ತುಂಬ್ತೀನಂತ ಅವ್ವಗ ಹೇಳ್ರಿ."